ಒಂದೇ ಉಸಿರಿನಲ್ಲಿ ಹದಿನಾಲ್ಕು ಸ್ಟಾಪು

ಆಕೆಯ ವಿಶಲ್ ಕೇಳದೆ ಆ ಬಸ್ಸು ಒಂದಂಗುಲವೂ ಕದಲುತ್ತಿರಲಿಲ್ಲ. ಬೇರೆ ಬಸ್ಸುಗಳಲ್ಲಿ ಹಿಂದಿನಿಂದ ಯಾರಾದರೂ ‘ರೈಟ್’ ಅಂದರೆ ಸಾಕು, ಇಲ್ಲವೇ ತಗಡನ್ನು ಎರಡು ಸಲ ಬಡಿದರೆ ಸಾಕು, ಗಾಡಿ ಹೊರಟುಬಿಡುತ್ತದೆ. ಈ ಬಸ್ಸಿನಲ್ಲಿ ಅದು ನಡೆಯುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಯಾವನೋ ಪಡ್ಡೆ ಹುಡುಗ ತಮಾಷೆಗೆ ‘ರೈಟ್’ ಎಂದು ಕೂಗಿದ್ದ. ಡ್ರೈವರು ಅದನ್ನು ನಂಬಿ ಗೇರು ಹಾಕಿದ್ದ. ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟಿದ್ದ ಅಜ್ಜಿಯೊಬ್ಬಳು ರಸ್ತೆಗೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವತ್ತು ಸಂಜೆ ಡಿಪೋದಲ್ಲಿ ಡ್ರೈವರು ಟೀ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಕುಡಿಯದೆ, ಕಂಡಕ್ಟರಮ್ಮನಿಗೆ ಹೇಳಿದ್ದ:

“ಇನ್ಮೇಲೆ ದೇವರೇ ಬಂದು ರೈಟ್ ಅಂದ್ರೂ ನಾನು ಹೊರಡಲ್ಲ ತಂಗಿ. ನಿನ್ನ ವಿಶಲ್ ಬಿದ್ರೆ ಮಾತ್ರ.”

“ನಾನು ಸತ್ತುಹೋದ್ರೆ?”

“ಬಸ್ಸು ಅಲ್ಲೇ ನಿಲ್ಲುತ್ತೆ. ಹಿಂದಿನ ಗಾಡಿಯವ್ರು ಬೈಕೊಳ್ಳಲಿ.”

ಇಬ್ಬರೂ ನಕ್ಕಿದ್ದರು. ಆಮೇಲೆ ಅದೇ ಪದ್ಧತಿಯಾಯಿತು. ದಿನವಿಡೀ ಒಂದೇ ಗಾಡಿಯಲ್ಲಿದ್ದರೂ ಅವರಿಬ್ಬರು ಮುಖ ನೋಡಿಕೊಳ್ಳುತ್ತಿದ್ದುದು ಕಡಿಮೆ. ಅವನ ಕಣ್ಣು ರಸ್ತೆಯ ಮೇಲೆ, ಇವಳ ಕಣ್ಣು ಜನರ ಮೇಲೆ. ನಡುವೆ ಇದ್ದದ್ದು ಅವನ ತಲೆಯ ಮೇಲಿನ ಕನ್ನಡಿ ಮತ್ತು ಇವಳ ಕೊರಳಿನ ಕೆಂಪು ದಾರಕ್ಕೆ ಕಟ್ಟಿದ ಹಿತ್ತಾಳೆಯ ವಿಶಲ್. ಅದರ ಸದ್ದು ಎಷ್ಟು ಜೋರೆಂದರೆ ಕಿಟಕಿ ಪಕ್ಕ ತೂಕಡಿಸುತ್ತಿದ್ದವರು ಬೆಚ್ಚಿಬಿದ್ದು ಚೀಲ ತಡವಿಕೊಳ್ಳುತ್ತಿದ್ದರು. ಜನ ಆಕೆಯನ್ನು ವಿಶಲಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಆಕೆಗೆ ಇನ್ನೊಂದು ಹೆಚ್ಚುಗಾರಿಕೆಯೂ ಇತ್ತು. ಡಿಪೋ ಬಿಡುವ ಮುಂಚೆ ಬಾಗಿಲಲ್ಲಿ ನಿಂತು ಎಲ್ಲ ಸ್ಟಾಪುಗಳನ್ನೂ ಒಂದೇ ಉಸಿರಿನಲ್ಲಿ ಒದರುತ್ತಿದ್ದಳು: “ಡಿಪೋ ಗಿರಣಿಗೇಟು ನೀರಿನ ಟ್ಯಾಂಕು ಹಳೇಸೇತುವೆ ಹೆಣ್ಮಕ್ಕಳ ಶಾಲೆ ತರಕಾರಿ ಮಾರ್ಕೆಟ್ಟು ಕೋರ್ಟು ಅಂಚೆಕಚೇರಿ ದೊಡ್ಡಾಸ್ಪತ್ರೆ ಗಡಿಯಾರಕಂಬ ಮರದಡ್ಡೆ ರೈಲ್ವೆಗೇಟು ಸ್ಮಶಾನ ಕೊನೇಸ್ಟಾಪು.” ಹದಿನಾಲ್ಕು ಮುಗಿದ ಮೇಲೂ ಉಸಿರು ಉಳಿಯುತ್ತಿತ್ತು, “ಹತ್ತೋರು ಹತ್ತಿ, ಇಳಿಯೋರು ಮನೇಲೇ ಇರಿ” ಅನ್ನುವಷ್ಟು. ಮನೆಯಲ್ಲಿ ನಾಲ್ಕು ವರ್ಷದ ಮಗಳಿಗೆ ಅದೇ ಜೋಗುಳ. ಮಗು ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಕೋರ್ಟಿನ ತನಕ ಎಚ್ಚರವಿದ್ದರೆ ಅವತ್ತು ಮೈ ಬಿಸಿಯಿದೆ ಎಂದೇ ಅರ್ಥ.

ಅಂಥದ್ದೊಂದು ಮೈಬಿಸಿಯ ದಿನದಿಂದಲೇ ಎಲ್ಲ ಶುರುವಾಯಿತು. ಮಗುವಿಗೆ ಜ್ವರ, ಭೇದಿ. ಬಟ್ಟೆ ಒಗೆಯುವುದು, ನೀರು ಕಾಯಿಸಿ ಆರಿಸುವುದು, ಚಮಚದಲ್ಲಿ ಉಪ್ಪುಸಕ್ಕರೆಯ ನೀರು ಕುಡಿಸುವುದು. ಗಂಡ ವೈರಿಂಗ್ ಕೆಲಸದವನು. ಯಾವುದೋ ಹೊಸ ಕಟ್ಟಡದಲ್ಲಿ ಏಣಿ ಹತ್ತಿಕೊಂಡಿದ್ದ. ಆಕೆ ರಜೆಯೆಲ್ಲ ಸುರಿದಳು. ಮಗು ಎದ್ದು ಆಟಕ್ಕೆ ಹೋದ ದಿನ ತಾಯಿ ಮಲಗಿದಳು. ಅವಳಿಗೂ ಅದೇ ಭೇದಿ, ಅದೇ ಹೊಟ್ಟೆನೋವು. ಎರಡು ಮೂರು ದಿನದಲ್ಲಿ ಅದೂ ನಿಂತಿತು. ಮನೆ ಮೊದಲಿನಂತಾಯಿತು. ಆಕೆ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಕೆಲಸಕ್ಕೆ ಹೋದಳು.

ಎರಡು ವಾರ ಕಳೆದಿರಬಹುದು. ಒಂದು ದಿನ ಅಂಗಾಲಿನಲ್ಲಿ ಜುಂ ಎಂದಿತು.

ಬಸ್ಸಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಇಡೀ ದಿನ ನಡುಗುವ ತಗಡಿನ ಮೇಲೆ ನಿಂತು ಇಳಿದರೆ ನೆಲವೂ ನಡುಗಿದಂತೆ ಇರುತ್ತದೆ. ಡಿಪೋದಲ್ಲಿ ಅದಕ್ಕೆ ‘ಇಂಜಿನ್ ಜುಮ್ಮು’ ಅನ್ನುತ್ತಾರೆ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡರೆ ಹೋಗುತ್ತದೆ. ಹಾಗಾಗಿ ಆಕೆ ಕಾಲು ಅದ್ದಿಕೊಂಡು ಮಗಳ ತಲೆ ಬಾಚಿದಳು. ಇಂಜಿನ್ ಜುಮ್ಮು ಬಸ್ಸಿನಿಂದ ಇಳಿದ ಮೇಲೆ ಇಳಿಯುತ್ತದೆ, ಇದು ಹತ್ತುತ್ತಿತ್ತು. ಮರುದಿನ ಪಾದದ ಗಂಟು, ಅದರ ಮರುದಿನ ಮೊಣಕಾಲು. ಆಕೆ ಬೈದದ್ದು ಹೊಸ ಬೂಟನ್ನು.

ಆಮೇಲೆ ವಿಶಲ್ ಕೆಟ್ಟಿತು.

ಹಾಗೆಂದೇ ಆಕೆ ಅಂದುಕೊಂಡಳು. ಊದಿದರೆ ಮೊದಲಿನ ಕಿರುಚಲು ಇಲ್ಲ. ಬರೀ ಗಾಳಿ, ತೂತು ಬಿದ್ದ ಟೈರಿನ ಹಾಗೆ. ಒಳಗಿನ ಕಾಳು ಸಿಕ್ಕಿಕೊಂಡಿದೆ ಎಂದು ಬಿಸಿನೀರಿನಲ್ಲಿ ಹಾಕಿ, ಸೂಜಿಯಿಂದ ಕೆದಕಿ, ಒಣಗಿಸಿದಳು. ಸರಿಹೋಗಲಿಲ್ಲ. ಹೊಸದೊಂದು ತಂದಳು. ಅದೂ ಹಾಗೇ.

“ಇವಾಗಿನ ಮಾಲೆಲ್ಲ ಇಷ್ಟೇ,” ಎಂದಳು ಗಂಡನಿಗೆ.

ಅವನು ಹಳೆಯದನ್ನೇ ತೆಗೆದುಕೊಂಡು ಬಾಯಿಗಿಟ್ಟು ಊದಿದ. ಮನೆ ಒಡೆದುಹೋಗುವಂಥ ಸದ್ದು. ಪಕ್ಕದ ಮನೆಯ ನಾಯಿ ಬೊಗಳಿತು. ಮಗಳು ಕಿವಿ ಮುಚ್ಚಿಕೊಂಡು ನಕ್ಕಳು. “ಅಪ್ಪನೇ ಕಂಡಕ್ಟ್ರು,” ಅಂದಳು.

“ಏನೇ ಇದು, ಚೆನ್ನಾಗೇ ಇದೆಯಲ್ಲ.”

“ನಿಮ್ಮ ಬಾಯಿ ದೊಡ್ಡದು, ಅದಕ್ಕೆ,” ಎಂದಳು ಆಕೆ. ನಗಲು ಹೋದಾಗ ಎಡಗಡೆಯ ತುಟಿ ಜೊತೆಗೆ ಬರಲಿಲ್ಲ. ಗಂಡ ಆಗಲೇ ಸ್ಕ್ರೂಡ್ರೈವರ್ ಹುಡುಕಲು ತಿರುಗಿದ್ದ, ನೋಡಲಿಲ್ಲ. ಆಕೆಗೆ ಮಾತ್ರ ಗೊತ್ತಾಯಿತು. ಅನ್ನ ಉಣ್ಣುವಾಗ ಅನ್ನ ಕೆನ್ನೆಯಲ್ಲೇ ಉಳಿಯುತ್ತಿದ್ದುದು, ಬಾಯಿ ಮುಕ್ಕಳಿಸಿದರೆ ನೀರು ಮೂಲೆಯಿಂದ ಸೋರುತ್ತಿದ್ದುದು, ಎಲ್ಲ ಒಟ್ಟಿಗೆ ನೆನಪಾಯಿತು. ಕೆಟ್ಟದ್ದು ವಿಶಲ್ ಅಲ್ಲ.

ಆದರೂ ಯಾರಿಗೂ ಹೇಳಲಿಲ್ಲ. ರಜೆ ಉಳಿದಿರಲಿಲ್ಲ ಎನ್ನುವುದು ಒಂದು. ಮೈ ಸರಿಯಿಲ್ಲವೆಂದು ಒಮ್ಮೆ ಗೊತ್ತಾದರೆ ಗಾಡಿಯಿಂದ ಇಳಿಸಿ ಸ್ಟೋರ್‌ರೂಮಿನಲ್ಲಿ ಟೈರು ಎಣಿಸಲು ಹಾಕುತ್ತಾರೆ ಎನ್ನುವುದು ಇನ್ನೊಂದು. ಅವೆರಡೂ ನಿಜ. ಅವೆರಡಕ್ಕಿಂತ ದೊಡ್ಡದು, ಹೇಳಿದರೆ ಅದು ಇದೆ ಎಂದಾಗುತ್ತದೆ. ಹೇಳದಿದ್ದರೆ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿರಬಹುದು.

ಬೆಳಗಾದಾಗ ಅದು ತೊಡೆಗೆ ಬಂದಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಎರಡೂ ಕೈಯಿಂದ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕಾಯಿತು. ಟಿಕೆಟ್ ಮಿಷನ್ನಿನ ಗುಂಡಿ ಬೆರಳಿಗೆ ತಿಳಿಯಲಿಲ್ಲ. ಸ್ಟಾಪು ಒದರುವಾಗ ರೈಲ್ವೆಗೇಟಿನ ಹತ್ತಿರ ಉಸಿರು ನಿಂತಿತು. “ಮುಂದಿಂದು ಮುಂದೆ ಹೇಳ್ತೀನಿ,” ಎಂದು ತಮಾಷೆ ಮಾಡಿದಳು. ಜನ ನಕ್ಕರು. ಕನ್ನಡಿಯಲ್ಲಿ ಡ್ರೈವರನ ಕಣ್ಣು ನಗಲಿಲ್ಲ.

ಗಿರಣಿ ಗೇಟಿನಲ್ಲಿ ವಿಶಲ್ ಸಣ್ಣಗೆ ಬಂತು, ಬಸ್ಸು ಹೊರಟಿತು. ಸೇತುವೆಯಲ್ಲಿ ಇನ್ನೂ ಸಣ್ಣಗೆ. ಅಂಚೆ ಕಚೇರಿಯಲ್ಲಿ ಎರಡು ಬೆರಳಿನಿಂದ ತುಟಿ ಒತ್ತಿ ಹಿಡಿದು ಊದಿದಳು. ದೊಡ್ಡಾಸ್ಪತ್ರೆಯ ಸ್ಟಾಪಿನಲ್ಲಿ ಜನ ಇಳಿದರು, ಜನ ಹತ್ತಿದರು. ಆಕೆ ಊದಿದಳು. ಬಂದದ್ದು ಗಾಳಿ. ತುಟಿ ಒತ್ತಿ ಮತ್ತೆ ಊದಿದಳು. ಬಂದದ್ದು ಜೊಲ್ಲು.

“ರೈಟ್ ಅಣ್ಣ,” ಎಂದು ಕೂಗಿದಳು. ಮಾತು ತೊದಲಿತು. ತಗಡು ಬಡಿದಳು.

ಬಸ್ಸು ನಿಂತೇ ಇತ್ತು. ಹಿಂದೆ ಹಾರ್ನುಗಳು ಶುರುವಾದವು. ಯಾರೋ ಕರಿಕೋಟಿನ ವಕೀಲರು, “ಏನಪ್ಪಾ, ಕೋರ್ಟಲ್ಲಿ ವಾಯಿದೆ ಕೊಟ್ಟಿದ್ದು ಸಾಲ್ದು ಅಂತ ಇಲ್ಲೂ ವಾಯಿದೆನಾ?” ಅಂದರು. ಡ್ರೈವರು ಇಂಜಿನ್ ಆರಿಸಿದ. ಇಳಿದು, ಬಸ್ಸು ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಬಂದ. ಕೆಲಸದ ನಡುವೆ ಅವನು ಹಾಗೆ ಬಂದದ್ದು ಅದೇ ಮೊದಲು.

“ಊದು ನೋಡೋಣ.”

“ವಿಶಲ್ ಕೆಟ್ಟಿದೆ ಅಣ್ಣ.”

“ಊದು.”

ಆಕೆ ಊದಿದಳು. ಅವನು ಅವಳ ಮುಖವನ್ನೇ ನೋಡಿದ. ಹಗಲ ಬೆಳಕಿನಲ್ಲಿ, ಕನ್ನಡಿಯಿಲ್ಲದೆ, ಅರ್ಧ ಮುಖ ಮೇಣ ಕರಗಿದಂತೆ ಕೆಳಗಿಳಿದಿತ್ತು.

“ಇಳಿ ತಂಗಿ. ಸ್ಟಾಪು ಬಂದಿದೆ.”

ಇಳಿಯಲು ಹೋದಾಗ ಮೊಣಕಾಲು ಮಡಿಚಿಕೊಂಡಿತು. ಡ್ರೈವರೂ ಆ ಕೋಟಿನವರೂ ಸೇರಿ ಆಕೆಯನ್ನು ಕೈಮೇಲೆ ಆಸ್ಪತ್ರೆಯೊಳಗೆ ಒಯ್ದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು. ರಬ್ಬರ್ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದಳು. ಕಾಲು ಎಗರಲಿಲ್ಲ. ಇನ್ನೊಂದಕ್ಕೆ ತಟ್ಟಿದಳು. ಅದೂ ಬೇರೆ ಯಾರದೋ ಕಾಲಿನಂತೆ ಸುಮ್ಮನಿತ್ತು. “ಇತ್ತೀಚೆಗೆ ಜ್ವರ, ಭೇದಿ ಏನಾದ್ರೂ ಆಗಿತ್ತಾ?” ಎಂದು ಕೇಳಿದಳು. ಆಕೆ ಹೌದೆಂದಾಗ ಡಾಕ್ಟರಮ್ಮನ ಪೆನ್ನು ನಿಂತಿತು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಗಂಡ ಕೈಯಲ್ಲಿ ಟೇಪು ಸುತ್ತಿದ ವೈರಿನ ತುಂಡು ಹಿಡಿದುಕೊಂಡೇ ಓಡಿ ಬಂದ.

“ನಿಮ್ಮ ಮೈಯಲ್ಲಿ ಒಂದು ಕಾವಲು ಪಡೆ ಇದೆ,” ಎಂದಳು ಡಾಕ್ಟರಮ್ಮ ಮಂಚದ ತುದಿಯಲ್ಲಿ ಕೂತು. “ಹೊಟ್ಟೆಗೆ ರೋಗಾಣು ಬಂದಾಗ ಅದು ಹೊಡೆದು ಓಡಿಸ್ತು. ಆದರೆ ಆ ರೋಗಾಣುವಿನ ಮೇಲಿನ ಹೊದಿಕೆ ನಿಮ್ಮ ನರದ ಮೇಲಿನ ಹೊದಿಕೆ ಥರಾನೇ ಇತ್ತು. ಈಗ ರೋಗಾಣು ಇಲ್ಲ. ಪಡೆ ಇನ್ನೂ ಹುಡುಕ್ತಾ ಇದೆ. ನಿಮ್ಮ ನರಗಳನ್ನೇ ಕಳ್ಳ ಅಂತ ಹೊಡೀತಾ ಇದೆ.”

ಗಂಡ ಕೈಯಲ್ಲಿದ್ದ ವೈರನ್ನು ನೋಡಿದ. “ಇಲಿ ಕಡಿದ ವೈರು,” ಅಂದ ಮೆಲ್ಲಗೆ. “ಕರೆಂಟು ಇರುತ್ತೆ. ಬಲ್ಬಿಗೆ ಹೋಗಲ್ಲ.”

ಆಕೆಗೆ ಕಂಡದ್ದು ಬೇರೆ. ಖಾಕಿ ಅಂಗಿ ಹಾಕಿಕೊಂಡ ಜೇಬುಗಳ್ಳನೊಬ್ಬ ಬಸ್ಸು ಹತ್ತಿದ್ದಾನೆ. ಕಂಡಕ್ಟರು ಅವನನ್ನು ಹಿಡಿದು, ಬಡಿದು, ಇಳಿಸಿದ್ದಾಳೆ. ಆದರೆ ಸಿಟ್ಟು ಇಳಿದಿಲ್ಲ. ತಿರುಗಿ ನೋಡಿದರೆ ಮುಂದಿನ ಸೀಟಿನಲ್ಲಿ ಇನ್ನೊಂದು ಖಾಕಿ ಅಂಗಿ, ಬೆನ್ನು ಮಾತ್ರ ಕಾಣುತ್ತಿದೆ. ಕಂಡಕ್ಟರು ಅವನ ಮೇಲೆ ಬಿದ್ದಿದ್ದಾಳೆ. ಅವನು ಡ್ರೈವರು. ಬಸ್ಸು ಓಡುತ್ತಿದೆ.

“ಇವಳು ಎಲ್ಲಾ ಒಳಗೇ ನುಂಗೋಳು ಡಾಕ್ಟ್ರೇ,” ಎಂದ ಗಂಡ. “ಮಗೂಗೆ ಹುಷಾರಿಲ್ದಾಗ ನಿದ್ದೆನೇ ಮಾಡ್ಲಿಲ್ಲ. ಆ ಚಿಂತೆಯಿಂದ ಹಿಂಗಾಯ್ತಾ?”

“ಹಾಗಂತ ಹೇಳೋಕೆ ಆಗಲ್ಲ. ಚಿಂತೆ ಈ ಕಾಯಿಲೆ ತಂತು ಅಂತ ನಾನು ಅನ್ನಲ್ಲ.” ಡಾಕ್ಟರಮ್ಮ ಸ್ವಲ್ಪ ಯೋಚಿಸಿದಳು. “ಆದರೆ ನರಕ್ಕೂ ಕಾವಲಿಗೂ ಯಾವಾಗ್ಲೂ ಮಾತುಕತೆ ಇರುತ್ತೆ. ನಿದ್ದೆ ಇಲ್ದೆ, ಹೆದರಿ ಹೆದರಿ ಇದ್ದವರ ಗಾಯ ನಿಧಾನಕ್ಕೆ ಮಾಯುತ್ತೆ. ಅದು ನರ ಕಾವಲಿಗೆ ಹೇಳೋ ಮಾತು. ಜ್ವರ ಬಂದಾಗ ಊಟ ಸೇರಲ್ಲ, ಯಾರೂ ಬೇಡ, ಮಲಗಿದ್ರೆ ಸಾಕು ಅನ್ಸುತ್ತಲ್ಲ? ಅದು ಕಾವಲು ನರಕ್ಕೆ ಹೇಳೋ ಮಾತು. ಎಲ್ಲರ ಮೈಯಲ್ಲೂ ಅದು ನಡೀತಾನೇ ಇರುತ್ತೆ, ನಮಗೆ ಕೇಳಿಸಲ್ಲ. ಇವರಲ್ಲಿ ಮಾತು ಹೋಗಿ ಹೊಡೆದಾಟ ಆಗಿದೆ.”

“ಎಲ್ಲೀ ತನಕ ಹೋಗುತ್ತೆ?” ಆಕೆ ಕೇಳಿದಳು.

“ಕಾಲಿಂದ ಹತ್ತುತ್ತಾ ಇದೆ. ಉಸಿರಾಡಿಸೋ ನರಕ್ಕೆ ಬರೋದ್ರೊಳಗೆ ನಿಲ್ಲಿಸಬೇಕು. ಔಷಧ ಇವತ್ತೇ ಹಾಕ್ತೀವಿ. ಆದರೆ ಅದು ಕೆಲಸ ಶುರು ಮಾಡೋಕೆ ದಿನಗಳು ಬೇಕು.” ನಂತರ ಅವಳು, “ಒಂದು ಉಸಿರು ತುಂಬಾ ಎಳೆದುಕೊಂಡು ಎಲ್ಲೀ ತನಕ ಆಗುತ್ತೋ ಎಣಿಸಿ,” ಎಂದಳು. ಉಸಿರಿನ ಬಲ ಎಷ್ಟು ಉಳಿದಿದೆ ಎಂದು ಮಂಚದ ಪಕ್ಕದಲ್ಲೇ ತಿಳಿಯುವ ಉಪಾಯ ಅದು.

“ಎಣಿಸೋದು ಬೇಡ, ಸ್ಟಾಪು ಹೇಳ್ತೀನಿ,” ಎಂದಳು ಆಕೆ.

ಡಿಪೋದಿಂದ ಹೊರಟಳು. ಗಡಿಯಾರ ಕಂಬ ದಾಟಿ ಮರದಡ್ಡೆಯಲ್ಲಿ ನಿಂತಳು.

ಅಲ್ಲಿಂದ ಆಸ್ಪತ್ರೆಯವರೆಲ್ಲ ಅದೇ ಲೆಕ್ಕ ಹಿಡಿದರು. ಸರದಿ ಬದಲಾಗುವಾಗ ಒಬ್ಬ ನರ್ಸಮ್ಮ ಇನ್ನೊಬ್ಬಳಿಗೆ, “ಬೆಳಗ್ಗೆ ಗಡಿಯಾರ ಕಂಬ, ಈಗ ದೊಡ್ಡಾಸ್ಪತ್ರೆ,” ಎಂದು ಒಪ್ಪಿಸಿ ಹೋಗುತ್ತಿದ್ದಳು. ಸೂಜಿಯಲ್ಲಿ ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದದ್ದಂತೆ. ದಾರಿ ತಪ್ಪಿದ ಕಾವಲನ್ನು ಸಮಾಧಾನ ಮಾಡಲು ಅಷ್ಟು ಜನರ ಕಾವಲು. ತನ್ನ ಬಸ್ಸು ಹತ್ತಿದವರೂ ಅದರಲ್ಲಿ ಇರಬಹುದು ಅಂದುಕೊಂಡಳು, ಚಿಲ್ಲರೆಗಾಗಿ ಜಗಳ ಮಾಡಿದವರೂ.

ಆದರೆ ಸ್ಟಾಪುಗಳು ಹಿಂದಕ್ಕೆ ಬರುತ್ತಲೇ ಇದ್ದವು. ದೊಡ್ಡಾಸ್ಪತ್ರೆ ಹೋಯಿತು. ಕೋರ್ಟಿನಲ್ಲಿ ಒಂದು ಹಗಲು ನಿಂತಿತು. ಕೈ ಎತ್ತಲಾಗದಾಯಿತು, ರೆಪ್ಪೆ ಪೂರ್ತಿ ಮುಚ್ಚದಾಯಿತು. ಸುಮ್ಮನೆ ಮಲಗಿದ್ದಾಗಲೇ ಎದೆ ಓಡಿ ಬಂದವರಂತೆ ಬಡಿದುಕೊಳ್ಳುತ್ತಿತ್ತು, ಮರುಗಳಿಗೆಗೆ ನಿಂತೇ ಹೋಯಿತೇನೋ ಎನ್ನುವಷ್ಟು ನಿಧಾನ. ಹೃದಯಕ್ಕೆ ಹೋಗುವ ನರಕ್ಕೂ ಏಟು ಬಿದ್ದಿತ್ತು. ತಲೆಯೊಳಗೆ ಮಾತ್ರ ಎಲ್ಲ ನಿಚ್ಚಳ. ಅದೇ ಹೆಚ್ಚು ಭಯ. ಮನೆಯ ಎಲ್ಲ ದೀಪ ಒಂದೊಂದಾಗಿ ಆರುತ್ತಿರುವುದನ್ನು ನಡುಮನೆಯಲ್ಲಿ ಕೂತು ನೋಡಿದಂತೆ.

ಪ್ರತಿದಿನ ಸ್ಮಶಾನದ ಸ್ಟಾಪಿನಲ್ಲಿ ಜನ ಕಿಟಕಿಯಿಂದ ಮುಖ ತಿರುಗಿಸುತ್ತಿದ್ದುದನ್ನು ಆಕೆ ಎಷ್ಟು ವರ್ಷ ನೋಡಿದ್ದಳು. ಅಲ್ಲಿ ಯಾರೂ ಇಳಿಯದಿದ್ದರೆ ಎಲ್ಲರಿಗೂ ಒಂದು ನೆಮ್ಮದಿ. ಈಗ ಆಕೆಗೆ ಬೇಕಾಗಿದ್ದುದು ಅದೊಂದೇ: ಸ್ಮಶಾನದ ತನಕ ತಲುಪುವುದು. ಅಲ್ಲಿಗೆ ಮುಟ್ಟುವಷ್ಟು ಉಸಿರಿದ್ದರೆ ಬದುಕಿದಂತೆ.

“ಡಿಪೋ, ಗಿರಣಿಗೇಟು, ನೀರಿನ,” ಎಂದಳು ಒಂದು ಮಧ್ಯಾಹ್ನ. ಟ್ಯಾಂಕು ಬರಲಿಲ್ಲ.

ಡಾಕ್ಟರಮ್ಮ ಗಂಡನನ್ನು ಬಾಗಿಲ ಹತ್ತಿರ ಕರೆದಳು. ಗಂಟಲಿಗೆ ಕೊಳವೆ ಹಾಕಿ ಮಿಷನ್ನಿಗೆ ಜೋಡಿಸಬೇಕು, ತಡ ಮಾಡುವ ಹಾಗಿಲ್ಲ. ಅವನು ಬಂದು ಹೆಂಡತಿಯ ಕೈ ಹಿಡಿದ. ಆ ಕೈ ತಿರುಗಿ ಹಿಡಿಯಲಿಲ್ಲ.

“ಪುಟ್ಟಿಗೆ,” ಎಂದಳು ಆಕೆ. ಉಸಿರು ಕೂಡಿಸಿಕೊಂಡಳು. “ನೀರು ಕಾಯ್ಸಿ. ಕೊಡಿ.”

“ಹೂಂ ಕಣೇ. ಕಾಯ್ಸೇ ಕೊಡ್ತಿದೀನಿ.”

ಮಿಷನ್ನಿನ ದಿನಗಳ ಲೆಕ್ಕ ಆಕೆಗೆ ಸಿಗಲಿಲ್ಲ. ಯಾರೋ ಉಸಿರು ಒಳಗೆ ದಬ್ಬುತ್ತಿದ್ದರು, ಯಾರೋ ತೆಗೆಯುತ್ತಿದ್ದರು. ಮಗುವನ್ನು ಆ ಕೋಣೆಗೆ ಬಿಡುವಂತಿರಲಿಲ್ಲ. ಗಂಡ ಫೋನಿನಲ್ಲಿ ದನಿ ಹಿಡಿದು ತಂದು ಕಿವಿಯ ಹತ್ತಿರ ಇಟ್ಟ. ಮಗಳು ಸ್ಟಾಪು ಹೇಳುತ್ತಿದ್ದಳು, ಒಂದೊಂದಕ್ಕೂ ಒಂದು ಉಸಿರು. ಅಂಚೆಕಚೇರಿ ಬಿಟ್ಟು ನೇರ ದೊಡ್ಡಾಸ್ಪತ್ರೆಗೆ ಹಾರಿದಳು. ಅಂಚೆಕಚೇರಿಯಲ್ಲಿ ಇಳಿಯುವವರು ಏನು ಮಾಡಬೇಕು ಎಂದು ತಾಯಿಗೆ ಕಸಿವಿಸಿಯಾಯಿತು. ಮಾನಿಟರಿನಲ್ಲಿ ಎದೆಬಡಿತದ ಅಂಕಿ ಏರಿ ನರ್ಸಮ್ಮ ಓಡಿ ಬಂದಳು.

ಡ್ರೈವರೂ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು. “ಹೊಸಬನ್ನ ಕೊಟ್ಟಿದಾರೆ. ಒಳ್ಳೇವನೇ, ಆದ್ರೆ ವಿಶಲ್ ಊದಿದ್ರೆ ಕೋಳಿಮರಿ ಕೂಗಿದಂಗೆ. ನಂಗೆ ಹೊರಡೋಕೆ ನಾಚಿಕೆ ಆಗುತ್ತೆ.” ಆಕೆ ರೆಪ್ಪೆ ಅಲುಗಿಸಿದಳು. ನಗುವೆಂದು ಅವನಿಗೆ ತಿಳಿಯಿತು. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಒಂದು ದಿನ ಆಕೆಯ ಭುಜ ತಾನಾಗಿ ಅಲುಗಿತು. ಇನ್ನೊಂದು ದಿನ ಬೆರಳು. ಕೊಳವೆ ತೆಗೆದ ಮೇಲೆ ಮೊದಲ ಸಲ ಗಿರಣಿಗೇಟಿನ ತನಕ ಹೋದಳು. ಅಲ್ಲಿಂದ ಸ್ಮಶಾನಕ್ಕೆ ಬರಲು ತಿಂಗಳುಗಳೇ ಹಿಡಿದವು. ಕೋಲು ಊರಿಕೊಂಡು ಮನೆಗೆ ಹೋಗುವ ದಿನ ಡಾಕ್ಟರಮ್ಮನನ್ನು ಕೇಳಿದಳು:

“ಮತ್ತೆ ಬರುತ್ತಾ ಇದು?”

“ಬರೋದು ಅಪರೂಪ.”

“ಬರಲ್ಲ ಅಂತ ಹೇಳಿ ಅಮ್ಮಾ.”

“ಅಪರೂಪ,” ಎಂದಳು ಡಾಕ್ಟರಮ್ಮ ಮತ್ತೆ. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಬಸ್ಸಿಗೆ ಆಕೆ ಮರಳಲಿಲ್ಲ. ಡಿಪೋದ ಕಿಟಕಿಯಲ್ಲಿ ಮೈಕಿನ ಮುಂದೆ ಕೂರಿಸಿದರು, ಯಾವ ಗಾಡಿ ಎಲ್ಲಿಗೆ ಎಂದು ಹೇಳುವ ಕೆಲಸ. ಡ್ರೈವರು ಹಾದುಹೋಗುವಾಗ ಎರಡು ಸಲ ಹಾರ್ನ್ ಮಾಡುತ್ತಾನೆ. ಸುಸ್ತಾದ ದಿನ ಅಂಗಾಲು ಈಗಲೂ ಜುಂ ಅನ್ನುತ್ತದೆ. ಅದು ಹಳೆಯ ಏಟಿನ ಗುರುತಂತೆ, ಹೆದರಬೇಕಿಲ್ಲವಂತೆ. ಆದರೆ ಹಳೆಯ ಜುಮ್ಮಿಗೂ ಹೊಸ ಜುಮ್ಮಿಗೂ ವ್ಯತ್ಯಾಸ ಗೊತ್ತಾಗುವ ಬಗೆಯನ್ನು ಯಾರೂ ಹೇಳಿಕೊಟ್ಟಿಲ್ಲ.

ಮೊನ್ನೆ ಮಗಳು ಶಾಲೆಯಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ಮೈ ಬಿಸಿ. ಆಕೆ ನೀರು ಕಾಯಿಸಿದಳು, ಬಟ್ಟೆ ಬೇರೆ ಮಾಡಿದಳು, ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸ್ಟಾಪು ಹೇಳಿದಳು. ಮಗು ಕೋರ್ಟಿನ ತನಕ ಎಚ್ಚರವಿತ್ತು. ತಾಯಿ ಕೊನೇ ಸ್ಟಾಪಿನ ತನಕ ಹೋದಳು, ನಿಲ್ಲದೆ. ಆದರೂ ಕೂತೇ ಇದ್ದಳು, ತನ್ನ ಕಾಲನ್ನು ತಾನೇ ನೋಡುತ್ತ.

ಗಂಡ ಬಂದಾಗ ಪೆಟ್ಟಿಗೆಯಿಂದ ಹಿತ್ತಾಳೆಯ ವಿಶಲ್ ತೆಗೆದು ಅವನ ಕೈಗಿಟ್ಟಳು. ಕೆಂಪು ದಾರ ಮಾಸಿತ್ತು.

“ಏನೇ ಇದು?”

“ಇನ್ನು ಸ್ವಲ್ಪ ದಿನ ಬೆಳಗ್ಗೆ ಎದ್ದ ತಕ್ಷಣ ನಂಗೆ ಕೊಡಿ, ಊದ್ತೀನಿ. ಸದ್ದು ಬರ್ಲಿಲ್ಲ ಅಂದ್ರೆ ನಾನೇನೇ ಹೇಳಿದ್ರೂ ಕೇಳ್ಬೇಡಿ. ವಿಶಲ್ ಕೆಟ್ಟಿದೆ ಅಂತೀನಿ. ಬೂಟು ಸರಿಯಿಲ್ಲ ಅಂತೀನಿ. ನಂಬಬೇಡಿ. ನೇರ ದೊಡ್ಡಾಸ್ಪತ್ರೆ.”

ಅವನು ವಿಶಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಲೆಯಾಡಿಸಿದ.

ಮಗಳು ಎರಡು ದಿನಕ್ಕೇ ಎದ್ದು ಓಡಾಡುತ್ತಿದ್ದಾಳೆ. ಆ ಬೀದಿಯವರಿಗೆ ಈಗ ಬೆಳಗಾಗುವುದು ಒಂದು ವಿಶಲಿನ ಸದ್ದಿಗೆ. ಪಕ್ಕದ ಮನೆಯ ನಾಯಿ ಬೊಗಳುವುದನ್ನೂ ಬಿಟ್ಟಿದೆ. ಗಂಡ ಏಣಿಯನ್ನು ಸೈಕಲ್ಲಿಗೆ ಕಟ್ಟಿ ಬಾಗಿಲಲ್ಲಿ ಕಾಯುತ್ತಾನೆ, ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಅವನ ಪಕ್ಕ. ಒಳಗೆ ಆಕೆ ತುಟಿ ಬಿಗಿಹಿಡಿದು ಉಸಿರು ಎಳೆದುಕೊಳ್ಳುತ್ತಾಳೆ. ಆ ಸದ್ದು ಕೇಳುವ ತನಕ ಮನೆಯಲ್ಲಿ ಯಾರೂ ಕದಲುವುದಿಲ್ಲ.